ಮನೆತನದ ಕ್ಯಾನ್ಸರ್ ಚರಿತ್ರೆ ಬರೆಯುವುದು ಹೇಗೆ, ಜೀನ್ ಪರೀಕ್ಷೆಗೆ ಮೊದಲು ಕೂರಬೇಕಾದವರು ಯಾರು

ಒಂದೇ ಮನೆತನದಲ್ಲಿ ಇಬ್ಬರು ಮೂವರಿಗೆ ಕ್ಯಾನ್ಸರ್ ಬಂತೆಂದರೆ ಉಳಿದವರಿಗೆಲ್ಲ ‘ಇದು ನಮಗೂ ಬಂದೀತೇ?’ ಎಂಬ ಅಳುಕು ಶುರುವಾಗುತ್ತದೆ. ಅದನ್ನು ತಿಳಿಯಲು ಈಗ ಜೀನ್ ಪರೀಕ್ಷೆ ಇದೆಯಂತೆ ಎಂದು ಕೇಳಿದವರು ನೇರವಾಗಿ ಲ್ಯಾಬಿಗೆ ಹೋಗಿ, ಹಣ ಕಟ್ಟಿ, ರಕ್ತ ಕೊಟ್ಟು ಬರುವುದೂ ಉಂಟು. ಕೆಲವು ವಾರಗಳ ಮೇಲೆ ‘ದೋಷ ಕಂಡುಬಂದಿಲ್ಲ’ ಎಂಬ ವರದಿ ಕೈಗೆ ಬಂದಾಗ ಅವರಿಗೆ ಸಮಾಧಾನವೂ ಆಗುತ್ತದೆ. ಆದರೆ ಆ ಸಮಾಧಾನಕ್ಕೆ ಆಧಾರವಿದೆಯೇ ಇಲ್ಲವೇ ಎಂಬುದು ವರದಿಯಿಂದ ತಿಳಿಯುವುದಿಲ್ಲ. ಮನೆಯಲ್ಲಿ ಮೊದಲು ಯಾರ ರಕ್ತವನ್ನು ಪರೀಕ್ಷಿಸಲಾಯಿತು ಎಂಬುದರಿಂದ ತಿಳಿಯುತ್ತದೆ. ಆದ್ದರಿಂದ ಈ ಕೆಲಸ ಲ್ಯಾಬಿನಿಂದಲ್ಲ, ಮನೆಯಿಂದ ಆರಂಭವಾಗಬೇಕು. ಮುಂಬಯಿ, ಪುಣೆ, ಗೋವಾಗಳಲ್ಲಿ ನೆಲೆಸಿ ಬಂಧುಗಳನ್ನು ಊರಲ್ಲೂ ಕೊಲ್ಲಿ ದೇಶಗಳಲ್ಲೂ ಹಂಚಿಕೊಂಡಿರುವ ಕನ್ನಡ ಕುಟುಂಬಗಳಿಗೆ ಇದು ಸ್ವಲ್ಪ ಹೆಚ್ಚಿನ ಓಡಾಟದ ಕೆಲಸ.

ಹುಟ್ಟಿನಿಂದ ಬರುವುದು ಏನು

ಮೊದಲು ಒಂದು ಅಳತೆ ಮನಸ್ಸಿನಲ್ಲಿರಲಿ. ಎಲ್ಲ ಕ್ಯಾನ್ಸರುಗಳಲ್ಲಿ ಶೇಕಡಾ 5ರಿಂದ 10ರಷ್ಟಕ್ಕೆ ಮಾತ್ರ ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದೇ ಒಂದು ಪ್ರಬಲ ಜೀನ್ ದೋಷ ಮುಖ್ಯ ಕಾರಣವಾಗಿರುತ್ತದೆ. ತಂಬಾಕು ಅಗಿದು ಬಂದ ಬಾಯಿಯ ಕ್ಯಾನ್ಸರಿಗೂ ಎಚ್‌ಪಿವಿ ವೈರಸ್ಸಿನಿಂದ ಬಂದ ಗರ್ಭಕಂಠದ ಕ್ಯಾನ್ಸರಿಗೂ ಮನೆತನವನ್ನು ದೂರಬೇಕಾಗಿಲ್ಲ. ಒಂದೇ ಮನೆಯ ಅಣ್ಣತಮ್ಮಂದಿರಿಬ್ಬರಿಗೂ ಬಾಯಿಯ ಕ್ಯಾನ್ಸರ್ ಬಂದಿದ್ದರೆ, ಇಬ್ಬರ ಜೇಬಿನಲ್ಲೂ ಇದ್ದ ತಂಬಾಕಿನ ಚೀಟಿಯನ್ನು ಮೊದಲು ನೋಡುವುದು ನ್ಯಾಯ.

ನಮ್ಮ ಜೀವಕೋಶಗಳಲ್ಲಿ ಸುಮಾರು 20,000 ಜೀನ್‌ಗಳಿದ್ದು, ಬಹುತೇಕ ಪ್ರತಿಯೊಂದಕ್ಕೂ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯದು, ಒಂದು ತಾಯಿಯದು. ಇವುಗಳಲ್ಲಿ ಕೆಲವು ಡಿಎನ್‌ಎಯಲ್ಲಿ ಆಗುವ ಒಡಕುಗಳನ್ನು ದುರಸ್ತಿ ಮಾಡುತ್ತವೆ, ಕೆಲವು ಜೀವಕೋಶ ಅಳತೆ ಮೀರಿ ವಿಭಜನೆಯಾಗದಂತೆ ತಡೆಯುತ್ತವೆ. ಇಂಥ ಜೀನ್‌ನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಪ್ರತಿ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ಆದರೆ ಆಯುಷ್ಯದ ಯಾವುದೋ ಹಂತದಲ್ಲಿ, ಯಾವುದೋ ಒಂದು ಜೀವಕೋಶದಲ್ಲಿ ಆ ಎರಡನೆಯ ಪ್ರತಿಯೂ ಕೆಟ್ಟರೆ ಅಲ್ಲಿಂದ ಗಡ್ಡೆ ಬೆಳೆಯಲು ದಾರಿಯಾಗುತ್ತದೆ. ಮಕ್ಕಳ ಕಣ್ಣಿನಲ್ಲಿ ಬರುವ ರೆಟಿನೊಬ್ಲಾಸ್ಟೋಮಾ ಎಂಬ ಕ್ಯಾನ್ಸರಿನ ಪ್ರಕರಣಗಳನ್ನು ಲೆಕ್ಕ ಹಾಕಿ ಆಲ್ಫ್ರೆಡ್ ನುಡ್‌ಸನ್ 1971ರಲ್ಲಿ ಈ ‘ಎರಡು ಪೆಟ್ಟುಗಳ’ ವಿವರಣೆಯನ್ನು ಮುಂದಿಟ್ಟರು. ಎರಡೂ ಪ್ರತಿಗಳು ಸರಿಯಾಗಿರುವವರಲ್ಲಿ ಒಂದೇ ಜೀವಕೋಶಕ್ಕೆ ಎರಡು ಪೆಟ್ಟು ಬೀಳಬೇಕು; ಒಂದು ಪ್ರತಿ ಕೆಟ್ಟೇ ಹುಟ್ಟಿದವರಲ್ಲಿ ಒಂದು ಪೆಟ್ಟು ಸಾಕು. ಆನುವಂಶಿಕ ಕ್ಯಾನ್ಸರ್ ಎಳೆಯ ವಯಸ್ಸಿನಲ್ಲಿ ಬರುವುದಕ್ಕೂ, ಎರಡೂ ಕಣ್ಣು ಅಥವಾ ಎರಡೂ ಸ್ತನಗಳಲ್ಲಿ ಕಾಣಿಸಿಕೊಳ್ಳುವುದಕ್ಕೂ ಕಾರಣ ಇಲ್ಲಿದೆ.

ಹಾಗಾದರೆ ಮಕ್ಕಳಿಗೆ ದಾಟುವುದು ಕ್ಯಾನ್ಸರ್ ಅಲ್ಲ, ಅಪಾಯ. ಕೆಟ್ಟ ಪ್ರತಿಯನ್ನು ಹೊತ್ತ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇಕಡಾ 50. ಹಿರಿಯ ಮಗನಿಗೆ ಬಂತು, ಇನ್ನು ಕಿರಿಯವಳಿಗೆ ಬಾರದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮುಖ ತಂದೆಯ ಹಾಗಿದ್ದರೆ ತಂದೆಯ ಕಡೆಯ ಕಾಯಿಲೆಯೂ ಬರುತ್ತದೆ ಎಂಬ ಮಾತಿಗೂ ಆಧಾರವಿಲ್ಲ.

ಇದಲ್ಲದೆ ಇನ್ನೊಂದು ಬಗೆಯ ಆನುವಂಶಿಕ ಪ್ರಭಾವವಿದೆ. ಬಹಳ ಜನರಲ್ಲಿ ಸಾಮಾನ್ಯವಾಗಿ ಇರುವ, ಒಂದೊಂದೂ ಅಪಾಯವನ್ನು ತುಸುವೇ ಏರಿಸುವ ರೂಪಭೇದಗಳು (ಅಂದರೆ ಜೀನ್‌ನ ಅಕ್ಷರಗಳಲ್ಲಿ ಒಬ್ಬರಿಂದೊಬ್ಬರಿಗೆ ಇರುವ ವ್ಯತ್ಯಾಸಗಳು) ಒಟ್ಟುಗೂಡಿದಾಗ ಆಗುವ ಪ್ರಭಾವ ಅದು. ಉತ್ತರ ಭಾರತದಲ್ಲಿ ಹೆಚ್ಚಾಗಿ ಕಾಣುವ ಪಿತ್ತಕೋಶದ ಕ್ಯಾನ್ಸರಿಗೂ ಎಬಿಸಿಬಿ1, ಎಬಿಸಿಬಿ4 ಜೀನ್‌ಗಳ ಭಾಗದಲ್ಲಿರುವ ಸಾಮಾನ್ಯ ರೂಪಭೇದಗಳಿಗೂ ಸಂಬಂಧವಿದೆ ಎಂಬುದನ್ನು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ಸಂಶೋಧಕರು 2017ರಲ್ಲಿ ಪ್ರಕಟಿಸಿದ್ದರು. ಸಂಶೋಧನೆಯ ದೃಷ್ಟಿಯಿಂದ ಇದು ಮಹತ್ವದ್ದು. ಆದರೆ ಒಂದು ಕುಟುಂಬದವರು ಇಂದು ವೈದ್ಯರ ಮುಂದೆ ಕುಳಿತು ತೀರ್ಮಾನಿಸಬೇಕಾದ ವಿಷಯಗಳು ಹೆಚ್ಚಾಗಿ ಮೊದಲ ಬಗೆಯ, ಅಂದರೆ ಒಂದೇ ಜೀನ್‌ನ ಪ್ರಬಲ ದೋಷಗಳಿಗೆ ಸೇರಿದವು. ಮುಂದಿನ ಮಾತೆಲ್ಲ ಅವುಗಳ ಕುರಿತೇ.

ಕಾಗದ, ಪೆನ್ನು, ಫೋನು

ಒಂದು ದೊಡ್ಡ ಹಾಳೆಯನ್ನು ಅಡ್ಡವಾಗಿ ಇಟ್ಟುಕೊಳ್ಳಿ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಗಂಡಹೆಂಡತಿಯರ ನಡುವೆ ಅಡ್ಡಗೆರೆ. ಅದರಿಂದ ಕೆಳಗಿಳಿಯುವ ಗೆರೆಗೆ ಮಕ್ಕಳು, ಹುಟ್ಟಿದ ಕ್ರಮದಲ್ಲಿ ಎಡದಿಂದ ಬಲಕ್ಕೆ. ತೀರಿಕೊಂಡವರ ಗುರುತಿನ ಮೇಲೆ ಓರೆಗೆರೆ ಎಳೆಯಿರಿ. ಕ್ಯಾನ್ಸರ್ ಬಂದವರ ಗುರುತನ್ನು ತುಂಬಿ, ಪಕ್ಕದಲ್ಲಿ ಎರಡು ವಿಷಯಗಳನ್ನು ಬರೆಯಿರಿ: ಮೊದಲು ಯಾವ ಅಂಗದಲ್ಲಿ ಆರಂಭವಾಯಿತು, ಪತ್ತೆಯಾದಾಗ ವಯಸ್ಸೆಷ್ಟು. ತೀರಿಕೊಂಡ ವಯಸ್ಸಿಗಿಂತ ಪತ್ತೆಯಾದ ವಯಸ್ಸು ಹೆಚ್ಚು ಉಪಯುಕ್ತ. ಕ್ಯಾನ್ಸರ್ ಬಾರದವರನ್ನೂ ಅವರ ಈಗಿನ ವಯಸ್ಸಿನೊಡನೆ ಬರೆಯಲೇಬೇಕು. ಎಂಟು ಜನ ಒಡಹುಟ್ಟಿದವರಲ್ಲಿ ಇಬ್ಬರಿಗೆ ಬಂದದ್ದಕ್ಕೂ ಇಬ್ಬರೇ ಇದ್ದು ಇಬ್ಬರಿಗೂ ಬಂದದ್ದಕ್ಕೂ ಬಹಳ ವ್ಯತ್ಯಾಸವಿದೆ. ಅಜ್ಜ ಅಜ್ಜಿಯರ ತಲೆಮಾರಿನಿಂದ ಮಕ್ಕಳವರೆಗೆ, ಕಡಿಮೆಯೆಂದರೂ ಮೂರು ತಲೆಮಾರು ಬೇಕು.

ಇಲ್ಲಿ ನಮ್ಮ ಕುಟುಂಬಗಳು ಒಂದು ಕಡೆ ಎಡವುತ್ತವೆ. ಮನೆತನ ಎಂದರೆ ಯಾರು ಎಂಬುದನ್ನು ನಾವು ಗೋತ್ರದಿಂದಲೋ, ಕರಾವಳಿಯಲ್ಲಾದರೆ ಬಳಿ ಎಂಬ ಕುಲದ ಹೆಸರಿನಿಂದಲೋ ಲೆಕ್ಕ ಹಾಕುತ್ತೇವೆ. ಗೋತ್ರ ಹೇಳುವ ಮನೆಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಬೇರೆ ಮನೆಯವರಾಗುತ್ತಾರೆ. ಮುಂಬಯಿಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ ತಾಯಿಯಿಂದ ಬರುವುದರಿಂದ ತಂದೆಯ ಕಡೆಯ ಕಾಯಿಲೆಗಳ ನೆನಪು ಮಸುಕಾಗಿರುತ್ತದೆ. ಜೀನ್‌ಗೆ ಗೋತ್ರವೂ ಇಲ್ಲ, ಬಳಿಯೂ ಇಲ್ಲ. ಎರಡೂ ಕಡೆಯಿಂದ ಅರ್ಧರ್ಧ ಬರುತ್ತದೆ. ಸ್ತನ ಕ್ಯಾನ್ಸರ್ ಎಂದೊಡನೆ ತಾಯಿಯ ಕಡೆಯನ್ನು ಮಾತ್ರ ಕೇಳುವ ರೂಢಿ ಕೆಲವು ವೈದ್ಯರಲ್ಲೂ ಇದೆ. ಆದರೆ ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರಿಗೆ ದಾರಿಯಾಗುವ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ತಂದೆಯ ಮೂಲಕವೂ ಅಷ್ಟೇ ಸಲೀಸಾಗಿ ಬರುತ್ತದೆ. ತಂದೆಗೆ ಅಕ್ಕತಂಗಿಯರು ಇಲ್ಲದಿದ್ದರೆ, ಇದ್ದೂ ಅವರ ಸುದ್ದಿ ತಪ್ಪಿಹೋಗಿದ್ದರೆ, ಆ ದೋಷ ಒಂದು ತಲೆಮಾರು ಸದ್ದಿಲ್ಲದೆ ದಾಟಿಬಿಡಬಹುದು.

ಊರಿಗೆ ಫೋನು ಮಾಡಿ ‘ನಮ್ಮಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?’ ಎಂದು ಕೇಳಿದರೆ ಬಹುಮಟ್ಟಿಗೆ ‘ಇಲ್ಲಪ್ಪ’ ಎಂಬ ಉತ್ತರವೇ ಬರುತ್ತದೆ. ಸುಳ್ಳು ಹೇಳುವ ಉದ್ದೇಶದಿಂದಲ್ಲ. ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರುವುದಿಲ್ಲ, ಎಷ್ಟೋ ಸಲ ರೋಗಿಗೇ ಹೇಳಿರುವುದಿಲ್ಲ. ಆದ್ದರಿಂದ ಒಬ್ಬೊಬ್ಬರ ಹೆಸರು ಹಿಡಿದು ಕೇಳಬೇಕು. ‘ದೊಡ್ಡಮ್ಮ, ನಿಮ್ಮ ನಾದಿನಿ ತೀರಿಕೊಂಡಾಗ ವಯಸ್ಸೆಷ್ಟು? ಏನಾಗಿತ್ತು? ಆಪರೇಷನ್ ಆಗಿತ್ತೇ? ಕೂದಲು ಉದುರಿತ್ತೇ? ಕರೆಂಟು (ರೇಡಿಯೇಷನ್) ಕೊಡಿಸಿದ್ದರೇ?’ ಇಂಥ ಪ್ರಶ್ನೆಗಳಿಗೆ ಹಿರಿಯರು ಸರಾಗವಾಗಿ ಉತ್ತರಿಸುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿ ನಲವತ್ತೈದರ ಆಸುಪಾಸಿನಲ್ಲಿ ಹೋದ ಹೆಂಗಸಿಗೆ ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು. ಯಕೃತ್ತಿನ ಕಾಯಿಲೆಯೋ ಕ್ಷಯವೋ ಕೂಡ ಆಗಿರಬಹುದು. ‘ಗರ್ಭಕೋಶ ತೆಗೆಸಿದ್ದರು’ ಎಂದರೆ ರಕ್ತಸ್ರಾವಕ್ಕೋ ಗಡ್ಡೆಗೋ ಎಂದು ವಿಚಾರಿಸಬೇಕು. ‘ಮೂಲವ್ಯಾಧಿ ಎಂದುಕೊಂಡಿದ್ದೆವು, ಕೊನೆಗೆ ಕರುಳೇ ಹಾಳಾಗಿತ್ತು’ ಎಂಬ ಮಾತಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಅಡಗಿರಬಹುದು. ಇನ್ನು, ‘ಕೊನೆಕೊನೆಗೆ ಟಾಟಾಕ್ಕೆ ಕರೆದುಕೊಂಡು ಹೋಗಿದ್ದರು’ ಎಂದು ಯಾರಾದರೂ ಹೇಳಿದರೆ ಮುಂಬಯಿಯಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೆನಪಿಗಿಂತ ಕಾಗದ ಮೇಲು. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮರಿ, ಆಸ್ಪತ್ರೆಯ ಫೈಲ್ ನಂಬರು ಇವುಗಳಲ್ಲಿ ಯಾವುದು ಸಿಕ್ಕರೂ ಅದರ ಫೋಟೋ ತರಿಸಿಕೊಳ್ಳಿ. ದಕ್ಷಿಣ ಕನ್ನಡ, ಉಡುಪಿಯವರ ಹಳೆಯ ಕಾಗದಗಳು ಮಂಗಳೂರು, ಮಣಿಪಾಲಗಳ ಆಸ್ಪತ್ರೆಗಳಲ್ಲಿ, ಗದಗ, ಧಾರವಾಡ, ಹಾವೇರಿ ಕಡೆಯವರವು ಹುಬ್ಬಳ್ಳಿಯಲ್ಲಿ, ಇನ್ನು ಕೆಲವರವು ಬೆಂಗಳೂರಿನ ಕಿದ್ವಾಯಿಯಲ್ಲಿ ಇರಬಹುದು. ‘ಲಿವರ್ ಕ್ಯಾನ್ಸರ್’, ‘ಮೂಳೆ ಕ್ಯಾನ್ಸರ್’ ಎಂದು ಮನೆಯವರು ಹೇಳುವುದು ಬಹಳ ಸಲ ಬೇರೆಡೆಯಿಂದ ಹರಡಿ ಬಂದದ್ದಾಗಿರುತ್ತದೆ; ಮೂಲ ಅಂಗ ಯಾವುದೆಂದು ತಿಳಿಸುವುದು ಬಯಾಪ್ಸಿ ಕಾಗದವೇ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಡೊಂಬಿವಲಿಯಲ್ಲಿರುವ 36 ವರ್ಷದ ಒಬ್ಬ ಗೃಹಿಣಿ. ಅವರಿಗೆ ಯಾವ ಕಾಯಿಲೆಯೂ ಇಲ್ಲ, ತಾಯಿಯ ಕಡೆಯಲ್ಲೂ ಏನೂ ಇಲ್ಲ. ತಂದೆ ಉಡುಪಿಯ ಕಡೆಯಿಂದ ಬಂದು ಹೋಟೆಲು ನಡೆಸಿದವರು. 68 ವರ್ಷ, ಗಟ್ಟಿಮುಟ್ಟಾಗಿದ್ದಾರೆ. ಹಾಳೆಯನ್ನು ತುಂಬುತ್ತ ಹೋದಾಗ ತಂದೆಯ ಅಕ್ಕ 46ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡದ್ದು ತಿಳಿಯುತ್ತದೆ. ಆ ಸೋದರತ್ತೆಯ ಮಗಳು ಮುಲುಂಡಿನಲ್ಲಿದ್ದು, 41ರಲ್ಲಿ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದಾರೆ. ಬಳಿ ಬೇರೆಯಾದ್ದರಿಂದ ಈ ಎರಡು ಘಟನೆಗಳನ್ನು ಯಾರೂ ‘ನಮ್ಮ ಮನೆಯದು’ ಎಂದು ಕೂಡಿಸಿ ನೋಡಿರುವುದಿಲ್ಲ. ಹಾಳೆಯ ಮೇಲೆ ಅವು ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

ಯಾವ ಚಿತ್ರ ಕಂಡರೆ ವೈದ್ಯರ ಬಳಿ ಹೋಗಬೇಕು

ಐವತ್ತರೊಳಗೆ ಬಂದ ಸ್ತನ ಅಥವಾ ದೊಡ್ಡಕರುಳಿನ ಕ್ಯಾನ್ಸರ್. ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್. ಗಂಡಸಿಗೆ ಬಂದ ಸ್ತನ ಕ್ಯಾನ್ಸರ್. ‘ಟ್ರಿಪಲ್ ನೆಗೆಟಿವ್’ ಎಂದು ವರದಿಯಾದ ಸ್ತನ ಕ್ಯಾನ್ಸರ್. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್. ಒಬ್ಬರಿಗೇ ಎರಡು ಬೇರೆ ಬೇರೆ ಅಂಗಗಳಲ್ಲಿ ಹೊಸದಾಗಿ ಆರಂಭವಾದ ಕ್ಯಾನ್ಸರುಗಳು. ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟುಗಳಂತೆ ಬೆಳೆಯುವ ನೂರಾರು ಪಾಲಿಪ್‌ಗಳು. ಇವುಗಳಲ್ಲಿ ಒಂದಿದ್ದರೂ ತಜ್ಞರನ್ನು ಕೇಳುವುದು ಸರಿ. ಒಂದೇ ಕಡೆಯ ಬಂಧುಗಳಲ್ಲಿ ದೊಡ್ಡಕರುಳು ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರುಗಳು ಕಂಡುಬಂದರೆ ಲಿಂಚ್ ಸಿಂಡ್ರೋಮನ್ನು ನೆನೆಯಬೇಕು. ಅದರಲ್ಲಿ ಕೆಡುವುದು ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಜೀನ್‌ಗಳು. ಮಕ್ಕಳಲ್ಲಿ ಮೂಳೆ, ಮೆದುಳು, ಅಡ್ರಿನಲ್ ಗ್ರಂಥಿಯ ಕ್ಯಾನ್ಸರುಗಳೂ ಎಳೆಯ ಹೆಂಗಸರಲ್ಲಿ ಸ್ತನ ಕ್ಯಾನ್ಸರೂ ಒಂದೇ ಮನೆಯಲ್ಲಿ ಕಂಡರೆ ಟಿಪಿ53 ಜೀನ್‌ನ ಲಿ-ಫ್ರೌಮೆನಿ ಸಿಂಡ್ರೋಮ್ ಇರಬಹುದು, ಅದು ಅಪರೂಪ.

ಎಪ್ಪತ್ತು ದಾಟಿದ ಮೇಲೆ ಬೇರೆ ಬೇರೆ ಅಂಗಗಳಲ್ಲಿ ಕ್ಯಾನ್ಸರ್ ಬಂದ ಇಬ್ಬರು ಮೂವರು ಹಿರಿಯರಿದ್ದ ಮಾತ್ರಕ್ಕೆ ಪರೀಕ್ಷೆಗೆ ಓಡಬೇಕಾಗಿಲ್ಲ. ದೊಡ್ಡ ಕುಟುಂಬಗಳಲ್ಲಿ, ಆಯುಷ್ಯ ಹೆಚ್ಚಿದ ಕಾಲದಲ್ಲಿ, ಅಷ್ಟು ಕಾಣುವುದು ಸಹಜ.

ಎಲ್ಲಿಗೆ, ಯಾರನ್ನು ಮೊದಲು

ಪರೇಲಿನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಸ್ಮಾರಕ ಆಸ್ಪತ್ರೆ, ಖಾರ್ಘರಿನಲ್ಲಿರುವ ಅದರ ಸಂಶೋಧನ ಕೇಂದ್ರ ಎರಡನ್ನೂ ಒಳಗೊಂಡ ಟಾಟಾ ಸ್ಮಾರಕ ಕೇಂದ್ರದಲ್ಲಿ ಕ್ಯಾನ್ಸರ್ ಜೆನೆಟಿಕ್ಸಿಗೆಂದೇ ಕ್ಲಿನಿಕ್ ಇದೆ. ಮುಂಬಯಿ, ಪುಣೆಗಳ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಜೆನೆಟಿಕ್ ಕೌನ್ಸೆಲರುಗಳು, ಅಂದರೆ ಜೀನ್ ಪರೀಕ್ಷೆಯ ಬಗ್ಗೆ ವಿವರಿಸಿ ಸಲಹೆ ಕೊಡುವವರು, ಸಿಗುತ್ತಾರೆ. ಗೋವಾದಲ್ಲಿರುವವರು ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ತಜ್ಞರಿಂದ ಚೀಟಿ ಪಡೆದು ಮುಂದಿನ ದಾರಿ ಕೇಳಿಕೊಳ್ಳಬಹುದು. ವಾಸ್ಕೊ, ಮಾಪುಸಾಗಳಲ್ಲಿ ದಿನಗೂಲಿಯ ಮೇಲೆ ಬದುಕುವ ಉತ್ತರ ಕರ್ನಾಟಕದವರಿಗೆ ಮುಂಬಯಿಗಿಂತ ಹುಬ್ಬಳ್ಳಿ, ಬೆಳಗಾವಿ ಹತ್ತಿರವಾದರೆ ಅಲ್ಲಿಂದಲೇ ಆರಂಭಿಸುವುದು ಮೇಲು. ಕೌನ್ಸೆಲರು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮಾತನಾಡುವಾಗ ಊರಿನಿಂದ ಬಂದ ಅತ್ತೆಗೋ ಅಜ್ಜಿಗೋ ಅರ್ಥವಾಗಲಿಕ್ಕಿಲ್ಲ. ಜೊತೆಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲವರು ಒಬ್ಬರಿರಲಿ, ಅದರಲ್ಲೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಹೊತ್ತಿನಲ್ಲಿ. ಹಾಳೆಯ ಮೇಲೆ ಬರೆದ ವಂಶಚಿತ್ರವನ್ನು ಕೊಂಡೊಯ್ದರೆ ಮೊದಲ ಭೇಟಿಯ ಅರ್ಧ ಕೆಲಸ ಮುಗಿದಿರುತ್ತದೆ.

ಈಗ ಮುಖ್ಯ ವಿಷಯ. ಪರೀಕ್ಷೆಗೆ ಮೊದಲು ಕೂರಬೇಕಾದವರು ಕ್ಯಾನ್ಸರ್ ಬಂದವರೇ ಹೊರತು, ಭಯಗೊಂಡ ಆರೋಗ್ಯವಂತರಲ್ಲ. ಡೊಂಬಿವಲಿಯ ಆ ಗೃಹಿಣಿ ತಾವೇ ಮೊದಲು ಪರೀಕ್ಷೆ ಮಾಡಿಸಿಕೊಂಡು ‘ದೋಷವಿಲ್ಲ’ ಎಂಬ ವರದಿ ಪಡೆದರೆ ಅದಕ್ಕೆ ಎರಡು ಅರ್ಥಗಳಿರಬಹುದು. ಮನೆತನದಲ್ಲಿರುವ ದೋಷ ಅವರಿಗೆ ಬಂದಿಲ್ಲದಿರಬಹುದು. ಇಲ್ಲವೇ ಆ ದೋಷ ಈ ಪರೀಕ್ಷೆಯ ಕಣ್ಣಿಗೆ ಬೀಳದ ಜಾಗದಲ್ಲಿರಬಹುದು. ಇವೆರಡರಲ್ಲಿ ಯಾವುದೆಂದು ಹೇಳಲು ದಾರಿಯೇ ಇಲ್ಲ. ಬದಲಾಗಿ ಮುಲುಂಡಿನ ಸೋದರತ್ತೆಯ ಮಗಳನ್ನು ಮೊದಲು ಪರೀಕ್ಷಿಸಿದಾಗ ಬಿಆರ್‌ಸಿಎ1ರಲ್ಲಿ ಒಂದು ನಿರ್ದಿಷ್ಟ ದೋಷ ಸಿಕ್ಕಿತೆನ್ನಿ. ಮುಂದೆ ಹುಡುಕಬೇಕಾದದ್ದು ಏನೆಂಬುದು ಅಕ್ಷರಶಃ ಗೊತ್ತಾಗುತ್ತದೆ. ಆಗ ತಂದೆಯನ್ನು ಆ ಒಂದೇ ದೋಷಕ್ಕಾಗಿ ಪರೀಕ್ಷಿಸಿದರೆ ಸಾಕು. ಇದಕ್ಕೆ ಹಲವು ಜೀನ್‌ಗಳನ್ನು ಒಟ್ಟಿಗೆ ನೋಡುವ ಇಡೀ ಪ್ಯಾನೆಲಿಗಿಂತ ಬಹಳ ಕಡಿಮೆ ಖರ್ಚು. ತಂದೆಯಲ್ಲಿ ಅದು ಇಲ್ಲದಿದ್ದರೆ ಮಗಳಿಗೆ ಅವರಿಂದ ಬರುವ ಪ್ರಶ್ನೆಯೇ ಇಲ್ಲ. ಇದ್ದರೆ ಮಗಳಿಗೆ ಅರ್ಧಕ್ಕರ್ಧ ಸಾಧ್ಯತೆ. ಆಗ ಮಗಳ ವರದಿಯಲ್ಲಿ ‘ಇಲ್ಲ’ ಎಂದು ಬಂದರೆ ಅದು ನಿಜವಾದ ‘ಇಲ್ಲ’. ಚಿಕಿತ್ಸೆಯಲ್ಲಿರುವ ಬಂಧುವಿನ ಸ್ಥಿತಿ ಗಂಭೀರವಾಗಿದ್ದರೆ, ಅವರ ಒಪ್ಪಿಗೆ ಪಡೆದು ರಕ್ತವನ್ನು ತೆಗೆಸಿ ಡಿಎನ್‌ಎಯನ್ನು ಶೇಖರಿಸಿಡಲು ಸಾಧ್ಯವೇ ಎಂದು ಲ್ಯಾಬನ್ನು ಕೇಳಿ. ಕೇಳಲು ಮುಜುಗರದ ವಿಷಯ, ನಿಜ. ಅವರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಪರೀಕ್ಷೆಗೆ ಬೇಕಾಗುವುದು ತೋಳಿನಿಂದ ತೆಗೆಯುವ ಕೆಲವು ಎಂಎಲ್ ರಕ್ತ. ಕೆಲವು ಲ್ಯಾಬುಗಳಲ್ಲಿ ಎಂಜಲಾದರೂ ನಡೆಯುತ್ತದೆ. ಉಪವಾಸ ಬೇಕಿಲ್ಲ. ಬೇರೆಯವರಿಂದ ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರು ಮೊದಲೇ ತಿಳಿಸಬೇಕು. ಅವರ ರಕ್ತದಲ್ಲಿರುವುದು ದಾನಿಯ ಡಿಎನ್‌ಎ ಆದ್ದರಿಂದ ಚರ್ಮದ ಮಾದರಿ ಬೇಕಾಗುತ್ತದೆ. ಯಾವ ಯಾವ ಜೀನ್‌ಗಳನ್ನು ನೋಡುತ್ತೀರಿ, ಜೀನ್‌ನ ದೊಡ್ಡ ತುಣುಕೇ ಬಿಟ್ಟುಹೋದದ್ದು ಅಥವಾ ಇಮ್ಮಡಿಯಾದದ್ದನ್ನೂ ಪತ್ತೆ ಮಾಡುತ್ತೀರಾ ಎಂದು ಕೇಳಲು ಮರೆಯಬೇಡಿ. ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಒಂದರಿಂದಲೇ ಇಂಥವು ತಪ್ಪಿಹೋಗಬಹುದು. ಅದಕ್ಕಾಗಿ ಎಂಎಲ್‌ಪಿಎ ಎಂಬ ಇನ್ನೊಂದು ವಿಧಾನವಿದೆ. ಗಡ್ಡೆಯ ತುಣುಕಿನ ಮೇಲೆ ಮಾಡುವ ಜೀನ್ ಪರೀಕ್ಷೆಯನ್ನೂ ಇದನ್ನೂ ಒಂದೇ ಎಂದು ತಿಳಿಯಬಾರದು. ಗಡ್ಡೆಯಲ್ಲಿ ಕಾಣುವ ಬಹುತೇಕ ಬದಲಾವಣೆಗಳು ಆ ಗಡ್ಡೆಯಲ್ಲೇ ಹುಟ್ಟಿದಂಥವು, ಮಕ್ಕಳಿಗೆ ಹೋಗುವುದಿಲ್ಲ. ಬಿಆರ್‌ಸಿಎಯಂಥ ದೋಷ ಅಲ್ಲಿ ಕಂಡರೆ ಮಾತ್ರ ಅದು ಹುಟ್ಟಿನಿಂದ ಬಂದದ್ದೇ ಎಂದು ರಕ್ತದಲ್ಲಿ ಖಚಿತಪಡಿಸಿಕೊಳ್ಳಬೇಕು.

ಆನ್‌ಲೈನಿನಲ್ಲಿ ತರಿಸಿ, ಎಂಜಲು ಕಳಿಸಿ, ವಂಶಮೂಲದ ಜೊತೆಗೆ ಕ್ಯಾನ್ಸರ್ ಅಪಾಯವನ್ನೂ ತಿಳಿಯುವ ಕಿಟ್‌ಗಳನ್ನು ಈ ಉದ್ದೇಶಕ್ಕೆ ನಾನು ಯಾರಿಗೂ ಸಲಹೆ ಮಾಡಲಾರೆ. ಬಿಆರ್‌ಸಿಎ ಜೀನ್‌ಗಳಲ್ಲಿ ಈವರೆಗೆ ಸಾವಿರಾರು ಹಾನಿಕಾರಕ ರೂಪಭೇದಗಳು ಗುರುತಾಗಿವೆ. ಇಂಥ ಕಿಟ್‌ಗಳಲ್ಲಿ ಕೆಲವು ಇವುಗಳಲ್ಲಿ ಸ್ವಲ್ಪವನ್ನು ಮಾತ್ರ ನೋಡುತ್ತವೆ. ಅವುಗಳ ‘ಇಲ್ಲ’ವನ್ನು ನಂಬಿ ಕೂರುವುದಕ್ಕಿಂತ ಪರೀಕ್ಷೆ ಮಾಡಿಸದಿರುವುದೇ ವಾಸಿ.

ವರದಿಯ ಮೂರು ಬಗೆ

ವರದಿಯಲ್ಲಿ ರೂಪಭೇದವನ್ನು ಐದು ದರ್ಜೆಗಳಲ್ಲಿ ಒಂದಕ್ಕೆ ಸೇರಿಸಿರುತ್ತಾರೆ: ಹಾನಿಕಾರಕ, ಬಹುಶಃ ಹಾನಿಕಾರಕ, ಅರ್ಥ ಅನಿಶ್ಚಿತ, ಬಹುಶಃ ನಿರುಪದ್ರವಿ, ನಿರುಪದ್ರವಿ. ಮೊದಲ ಎರಡನ್ನು ‘ಇದೆ’ ಎಂದೇ ಪರಿಗಣಿಸಿ ಮುಂದಿನ ಕ್ರಮ ಕೈಗೊಳ್ಳುತ್ತಾರೆ. ಕೊನೆಯ ಎರಡನ್ನು ಬಹುತೇಕ ವರದಿಗಳಲ್ಲಿ ಬರೆಯುವುದೇ ಇಲ್ಲ. ತೊಡಕಿರುವುದು ನಡುವಿನದರಲ್ಲಿ. ಅದನ್ನು ವೈದ್ಯರು ‘ವಿಯುಎಸ್’ ಎನ್ನುತ್ತಾರೆ. ಜೀನ್‌ನಲ್ಲಿ ಒಂದು ಬದಲಾವಣೆ ಕಂಡಿದೆ, ಆದರೆ ಅದು ಕೆಡುಕು ಮಾಡುತ್ತದೆಯೇ ಎಂಬುದಕ್ಕೆ ಸಾಕಷ್ಟು ಪುರಾವೆ ಇಲ್ಲ ಎಂದು ಇದರ ಅರ್ಥ. ಜಗತ್ತಿನ ಜೀನ್ ಮಾಹಿತಿಕೋಶಗಳಲ್ಲಿ ಯುರೋಪ್ ಮೂಲದವರ ಮಾಹಿತಿಯೇ ಹೆಚ್ಚಾಗಿರುವುದರಿಂದ ನಮ್ಮವರ ವರದಿಗಳಲ್ಲಿ ಈ ಅನಿಶ್ಚಿತ ದರ್ಜೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ವಿಯುಎಸ್ ಒಂದನ್ನೇ ನಂಬಿ ಸ್ತನವನ್ನೋ ಅಂಡಾಶಯವನ್ನೋ ತೆಗೆಸಿಕೊಳ್ಳಬಾರದು. ಬಂಧುಗಳನ್ನೆಲ್ಲ ಅದಕ್ಕಾಗಿ ಪರೀಕ್ಷೆಗೆ ಎಳೆಯಲೂಬಾರದು. ಕುಟುಂಬದ ಚರಿತ್ರೆ ಎಷ್ಟು ಬಲವಾಗಿದೆ ಎಂಬುದರ ಮೇಲೆ ತಪಾಸಣೆಯನ್ನು ನಿರ್ಧರಿಸಿ, ಒಂದೆರಡು ವರ್ಷಗಳಿಗೊಮ್ಮೆ ಅದೇ ಲ್ಯಾಬಿಗೆ ಬರೆದು ದರ್ಜೆ ಬದಲಾಗಿದೆಯೇ ಎಂದು ಕೇಳುವುದು ಕ್ರಮ. ಹೀಗೆ ಮರುಪರಿಶೀಲನೆಗೊಂಡ ವಿಯುಎಸ್‌ಗಳಲ್ಲಿ ಹೆಚ್ಚಿನವು ನಿರುಪದ್ರವಿ ಎಂದೇ ತೀರ್ಮಾನವಾಗುತ್ತವೆ.

ಕ್ಯಾನ್ಸರ್ ಬಂದವರಲ್ಲೂ ‘ಏನೂ ಸಿಗಲಿಲ್ಲ’ ಎಂದು ವರದಿ ಬರಬಹುದು. ಆದರೂ ಕುಟುಂಬದ ಚಿತ್ರ ಗಟ್ಟಿಯಾಗಿದ್ದರೆ ಆ ಮನೆಯ ಹೆಣ್ಣುಮಕ್ಕಳು ತಪಾಸಣೆಯನ್ನು ಬಿಡಬಾರದು. ಜೀನ್‌ನ ಹೆಸರು ಸಿಗದಿದ್ದರೂ ಅಪಾಯ ಇದ್ದೀತು.

ದೋಷ ಇದ್ದರೆ

ಬಿಆರ್‌ಸಿಎ1ರ ಹಾನಿಕಾರಕ ರೂಪ ಹೊತ್ತ ಮಹಿಳೆಯರಲ್ಲಿ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇಕಡಾ 72, ಬಿಆರ್‌ಸಿಎ2ರಲ್ಲಿ ಸುಮಾರು 69. ಅಂಡಾಶಯದ ಕ್ಯಾನ್ಸರಿಗೆ ಅನುಕ್ರಮವಾಗಿ 44 ಮತ್ತು 17. ಇವು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂಕಿಗಳು, ಹೆಚ್ಚಾಗಿ ಪಾಶ್ಚಾತ್ಯ ಕುಟುಂಬಗಳವು. ನಮ್ಮಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೀತು. ಪಾಲ್‌ಬಿ2, ಎಟಿಎಂ, ಚೆಕ್2 ಜೀನ್‌ಗಳಿಂದಲೂ ಸ್ತನ ಕ್ಯಾನ್ಸರಿನ ಅಪಾಯ ಏರುತ್ತದೆ. ಪಾಲ್‌ಬಿ2ರಿಂದ ಗಣನೀಯವಾಗಿ, ಉಳಿದೆರಡರಿಂದ ಮಧ್ಯಮ ಪ್ರಮಾಣದಲ್ಲಿ. ಆದ್ದರಿಂದ ‘ಜೀನ್ ಪಾಸಿಟಿವ್’ ಎಂಬ ಎರಡು ಪದಗಳನ್ನು ಬಂಧುಗಳಿಗೆ ಹೇಳಿ ಬಿಟ್ಟರೆ ಸಾಲದು. ಯಾವ ಜೀನ್ ಎಂಬುದನ್ನೂ ಹೇಳಬೇಕು.

ಬಿಆರ್‌ಸಿಎ ದೋಷವಿರುವ ಮಹಿಳೆಯರಿಗೆ 25ರಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ, 30ರಿಂದ ಮ್ಯಾಮೋಗ್ರಾಮನ್ನೂ (ಸ್ತನದ ಎಕ್ಸ್‌ರೇ) ಸೇರಿಸುವುದು ಅಂತರರಾಷ್ಟ್ರೀಯ ಶಿಫಾರಸು. ಅಂಡಾಶಯಕ್ಕೆ ಇಂಥ ನಂಬಲರ್ಹ ತಪಾಸಣೆ ಇಲ್ಲ. ಸ್ಕ್ಯಾನೂ ಸಿಎ-125 ರಕ್ತಪರೀಕ್ಷೆಯೂ ಅದನ್ನು ಸಕಾಲದಲ್ಲಿ ಹಿಡಿಯುತ್ತವೆ ಎಂಬ ಭರವಸೆಯಿಲ್ಲದ ಕಾರಣ, ಮಕ್ಕಳಾದ ಮೇಲೆ, ಬಿಆರ್‌ಸಿಎ1 ಇದ್ದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಇದ್ದರೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವ ಸಲಹೆ ಕೊಡುತ್ತಾರೆ. ಸ್ತನಗಳನ್ನು ಮುಂಚಿತವಾಗಿ ತೆಗೆಸುವುದರಿಂದ ಸ್ತನ ಕ್ಯಾನ್ಸರಿನ ಅಪಾಯ ಸುಮಾರು ಶೇಕಡಾ 90ರಷ್ಟು ಇಳಿಯುತ್ತದೆ. 2013ರಲ್ಲಿ ನಟಿ ಏಂಜಲೀನಾ ಜೋಲಿ ಹಾಗೆ ಮಾಡಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಆದರೆ ಇದು ಪ್ರತಿಯೊಬ್ಬರಿಗೂ ಕಡ್ಡಾಯವಲ್ಲ. ಎಂಆರ್‌ಐ ತಪಾಸಣೆಯನ್ನು ತಪ್ಪದೆ ಮಾಡಿಸುತ್ತ ಹೋಗುವುದೂ ಒಪ್ಪಿತವಾದ ದಾರಿಯೇ. ಗಂಡನ ಮನೆಯವರು, ತವರಿನವರು ಸೇರಿ ತೀರ್ಮಾನಿಸಿ ಆಮೇಲೆ ಅವಳಿಗೆ ತಿಳಿಸುವ ಪದ್ಧತಿ ಈ ವಿಷಯದಲ್ಲಿ ಸಲ್ಲದು.

ಗಂಡಸರನ್ನು ಮರೆಯುವುದು ಸಾಮಾನ್ಯ. ಬಿಆರ್‌ಸಿಎ2 ದೋಷವಿರುವ ಗಂಡಸಿಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಸುಮಾರು ಶೇಕಡಾ 7. ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ, ಬೇಗ, ಉಗ್ರವಾಗಿ ಬರಬಹುದು; 40ರಿಂದ ಪ್ರಾಸ್ಟೇಟಿಗಾಗಿ ಪಿಎಸ್‌ಎ ಎಂಬ ರಕ್ತಪರೀಕ್ಷೆ ಆರಂಭಿಸುವಂತೆ ಹೇಳುತ್ತಾರೆ.

ಲಿಂಚ್ ಸಿಂಡ್ರೋಮಿನಲ್ಲಿ ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ದೋಷವಿದ್ದರೆ 20–25ರಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ (ನಳಿಕೆಯ ಮೂಲಕ ದೊಡ್ಡಕರುಳಿನ ಒಳಗನ್ನು ನೋಡುವ ತಪಾಸಣೆ) ಬೇಕು. ಪಾಲಿಪ್ ಇದ್ದರೆ ಅದೇ ಹೊತ್ತಿನಲ್ಲಿ ತೆಗೆದುಬಿಡುತ್ತಾರೆ. ಕ್ಯಾನ್ಸರ್ ಆಗುವುದಕ್ಕೆ ಮುಂಚೆಯೇ ಬೇರು ಕೀಳುವ ಅವಕಾಶ ಇಷ್ಟು ಸ್ಪಷ್ಟವಾಗಿರುವುದು ಕೆಲವೇ ಅಂಗಗಳಲ್ಲಿ. ಈ ಸಿಂಡ್ರೋಮಿನವರು ದಿನವೂ ಆಸ್ಪಿರಿನ್ ತೆಗೆದುಕೊಂಡರೆ ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬುದು ಕ್ಯಾಪ್2 ಪ್ರಯೋಗದಲ್ಲಿ ಕಂಡುಬಂದಿದೆ. ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಇರುವುದರಿಂದ ವೈದ್ಯರನ್ನು ಕೇಳದೆ ಆರಂಭಿಸಬಾರದು. ಈಗಾಗಲೇ ಕ್ಯಾನ್ಸರ್ ಇರುವವರಿಗೂ ಈ ಮಾಹಿತಿ ಚಿಕಿತ್ಸೆಯಲ್ಲಿ ನೆರವಾಗುತ್ತದೆ. ಬಿಆರ್‌ಸಿಎ ದೋಷವಿರುವ ಗಡ್ಡೆಗಳ ಮೇಲೆ ಪಾರ್ಪ್ ಎಂಬ, ಡಿಎನ್‌ಎ ದುರಸ್ತಿಗೆ ನೆರವಾಗುವ ಕಿಣ್ವವನ್ನು ತಡೆಯುವ ಒಲಾಪರಿಬ್‌ನಂಥ ಮದ್ದುಗಳು ವಿಶೇಷವಾಗಿ ಕೆಲಸ ಮಾಡುತ್ತವೆ.

ಬಂಧುಗಳು, ಮದುವೆ, ವಿಮೆ

ದೋಷ ಸಿಕ್ಕ ಮೇಲೆ ಅದನ್ನು ಬಂಧುಗಳಿಗೆ ತಿಳಿಸುವುದು ಬಹುಮಟ್ಟಿಗೆ ಕುಟುಂಬದವರದೇ ಹೊಣೆ. ಆಸ್ಪತ್ರೆಯವರು ನಿಮ್ಮ ಒಪ್ಪಿಗೆಯಿಲ್ಲದೆ ಅವರಿಗೆ ಫೋನು ಮಾಡುವುದಿಲ್ಲ. ಮದುವೆ, ಬೊಜ್ಜ (ಉತ್ತರಕ್ರಿಯೆ)ಗಳಲ್ಲಿ ಎಲ್ಲರೂ ಸೇರಿದಾಗ ಹೇಳುವ ವಿಷಯ ಇದಲ್ಲ. ಕೌನ್ಸೆಲರಿಂದ ಒಂದು ಪುಟದ ಪತ್ರ ಬರೆಸಿಕೊಂಡು, ಜೀನ್ ಮತ್ತು ರೂಪಭೇದದ ಹೆಸರಿರುವ ವರದಿಯ ಪ್ರತಿಯೊಡನೆ ಒಬ್ಬೊಬ್ಬರಿಗೇ ಕಳಿಸುವುದು ಮೇಲು. ‘ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತು, ಯಾರಿಗೂ ಹೇಳಬೇಡ’ ಎನ್ನುವ ಹಿರಿಯರು ಇದ್ದೇ ಇರುತ್ತಾರೆ. ಅವರ ಭಯ ಬರಿಯ ಕಲ್ಪನೆಯಲ್ಲ. ಊರಿಗೆಲ್ಲ ಹೇಳಬೇಕಾಗಿಲ್ಲ, ರಕ್ತಸಂಬಂಧಿಗಳಿಗೆ ಹೇಳಿದರೆ ಸಾಕು ಎಂದು ಅವರಿಗೆ ವಿವರಿಸಿದರೆ ಬಹಳಷ್ಟು ಸಲ ಒಪ್ಪುತ್ತಾರೆ. ಪರೀಕ್ಷೆ ಬೇಡ ಎನ್ನುವ ಬಂಧುವನ್ನು ಒತ್ತಾಯಿಸಬಾರದು. ತಿಳಿಯದಿರುವ ಹಕ್ಕೂ ಅವರಿಗಿದೆ.

ಸೋದರಮಾವ, ಸೋದರತ್ತೆಯ ಮಕ್ಕಳೊಳಗಿನ ಮದುವೆ ನಮ್ಮಲ್ಲಿ ಇನ್ನೂ ಇರುವುದರಿಂದ ಒಂದು ಮಾತು. ಬಿಆರ್‌ಸಿಎ2 ಅಥವಾ ಪಾಲ್‌ಬಿ2ರ ಹಾನಿಕಾರಕ ಪ್ರತಿಯನ್ನು ಗಂಡಹೆಂಡತಿ ಇಬ್ಬರೂ ಹೊತ್ತಿದ್ದರೆ, ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿಗಳು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಬಂದರೆ ಫಾಂಕೋನಿ ಅನೀಮಿಯಾ ಎಂಬ, ಬಾಲ್ಯದಲ್ಲೇ ಅಸ್ಥಿಮಜ್ಜೆ ಸೋಲುವ, ಕ್ಯಾನ್ಸರಿಗೆ ಬೇಗ ತುತ್ತಾಗುವ ಕಾಯಿಲೆ ಬರುತ್ತದೆ. ಲಿಂಚ್ ಜೀನ್‌ಗಳಲ್ಲೂ ಹೀಗೆ ಎರಡೂ ಪ್ರತಿಗಳು ಕೆಟ್ಟ ಮಕ್ಕಳಿಗೆ ಎಳವೆಯಲ್ಲೇ ಕ್ಯಾನ್ಸರುಗಳು ಬರುತ್ತವೆ. ನಮ್ಮ ಉದಾಹರಣೆಯ ಗೃಹಿಣಿಯ ತಮ್ಮನಿಗೆ ಅದೇ ಸೋದರತ್ತೆಯ ಮೊಮ್ಮಗಳನ್ನು ತರುವ ಮಾತು ನಡೆದಿದ್ದರೆ, ಜಾತಕ ನೋಡುವುದಕ್ಕೆ ಮೊದಲು ಇಬ್ಬರೂ ಕೌನ್ಸೆಲರನ್ನು ನೋಡಲಿ.

ದೊಡ್ಡವರಾದ ಮೇಲೆ ಮಾತ್ರ ಬರುವ ಕ್ಯಾನ್ಸರುಗಳ ಜೀನ್‌ಗಳಿಗಾಗಿ ಚಿಕ್ಕ ಮಕ್ಕಳನ್ನು ಪರೀಕ್ಷಿಸುವುದಿಲ್ಲ. ಅವರು 18 ದಾಟಿ ತಾವೇ ತೀರ್ಮಾನಿಸಲಿ. ರೆಟಿನೊಬ್ಲಾಸ್ಟೋಮಾದ ಆರ್‌ಬಿ1, ಕರುಳಿನ ತುಂಬ ಪಾಲಿಪ್ ಬೆಳೆಸುವ ಎಪಿಸಿ, ಲಿ-ಫ್ರೌಮೆನಿಯ ಟಿಪಿ53 ಇದಕ್ಕೆ ಹೊರತು. ಅಲ್ಲಿ ತಪಾಸಣೆ ಬಾಲ್ಯದಲ್ಲೇ ಆರಂಭವಾಗಬೇಕು. ಆರ್‌ಬಿ1ರಲ್ಲಂತೂ ಮಗು ಹುಟ್ಟಿದ ಕೂಡಲೆ.

ವಿಮೆಯ ವಿಷಯವನ್ನು ರಕ್ತ ಕೊಡುವ ಮೊದಲೇ ಯೋಚಿಸಿ. ಜೀನ್ ಆಧಾರದ ಮೇಲೆ ಭೇದ ಮಾಡಕೂಡದೆಂಬ ಪ್ರತ್ಯೇಕ ಕಾಯಿದೆ ನಮ್ಮ ದೇಶದಲ್ಲಿಲ್ಲ. 2018ರ ಫೆಬ್ರವರಿಯಲ್ಲಿ ದಿಲ್ಲಿ ಹೈಕೋರ್ಟು ಹೃದ್ರೋಗಿಯೊಬ್ಬರ ಮೊಕದ್ದಮೆಯಲ್ಲಿ, ‘ಆನುವಂಶಿಕ ಕಾಯಿಲೆ’ ಎಂಬ ಸಾರಾಸಗಟು ಷರತ್ತಿನ ಮೇಲೆ ಆರೋಗ್ಯ ವಿಮೆಯನ್ನು ನಿರಾಕರಿಸುವುದು ತಾರತಮ್ಯ ಎಂದು ಹೇಳಿದೆಯಾದರೂ, ಜೀವ ವಿಮೆಯ ಅರ್ಜಿಯಲ್ಲಿ ಕುಟುಂಬದ ಕಾಯಿಲೆಗಳ ಬಗ್ಗೆ ಪ್ರಶ್ನೆಗಳಿರುತ್ತವೆ. ಅವಕ್ಕೆ ಸುಳ್ಳು ಉತ್ತರ ಬರೆದರೆ ಮುಂದೆ ಕ್ಲೇಮು ತಿರಸ್ಕೃತವಾಗಬಹುದು. ತೆಗೆದುಕೊಳ್ಳಬೇಕೆಂದಿರುವ ಪಾಲಿಸಿಗಳನ್ನು ಪರೀಕ್ಷೆಗೆ ಮುಂಚೆಯೇ, ಕೇಳಿದ್ದಕ್ಕೆಲ್ಲ ನಿಜ ಹೇಳಿ ತೆಗೆದುಕೊಂಡಿರುವುದು ಉತ್ತಮ.

ಮೂಲ ವರದಿಯ ಎರಡು ಪ್ರತಿಗಳನ್ನು ತೆಗೆಸಿ, ಒಂದನ್ನು ಇಲ್ಲಿಯ ಮನೆಯಲ್ಲೂ ಇನ್ನೊಂದನ್ನು ಊರಿನಲ್ಲಿ ನಂಬಿಕೆಯವರ ಬಳಿಯೂ ವಂಶಚಿತ್ರದ ಹಾಳೆಯೊಡನೆ ಇಡಿ. ಹೊಸದಾಗಿ ಯಾರಿಗಾದರೂ ಕಾಯಿಲೆ ಪತ್ತೆಯಾದಾಗ ಎರಡೂ ಹಾಳೆಗಳಲ್ಲಿ ಅಂಗ, ವಯಸ್ಸು, ತಾರೀಖು ಬರೆದು, ಮುಂದಿನ ಭೇಟಿಯಲ್ಲಿ ಕೌನ್ಸೆಲರಿಗೆ ತೋರಿಸಿ.